ಚೀನಾದ ಮಿಶನ್ ಶಾಲೆಗಳ ಹಳೆಯ ಫೋಟೋಗಳನ್ನು ನೋಡುವಾಗ

ಬಾಸೆಲ್ ಮಿಶನ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಮಂಗಳೂರು ಹಂಚು, ‘ಮಂಗಳೂರ ಸಮಾಚಾರ’ ಮತ್ತು ಕಿಟೆಲ್ಲರ ನಿಘಂಟು ನೆನಪಾಗುತ್ತವೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಅದೇ ಸಂಸ್ಥೆಯು 1847ರಲ್ಲಿ ಥಿಯೊಡೋರ್ ಹ್ಯಾಂಬರ್ಗ್ ಮತ್ತು ರುಡಾಲ್ಫ್ ಲೆಖ್ಲರ್ ಎಂಬಿಬ್ಬರನ್ನು ಹಾಂಗ್‌ಕಾಂಗ್‌ಗೆ ಕಳುಹಿಸಿ, ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಹಕ್ಕಾ ಜನರ ನಡುವೆ ಕೆಲಸ ಆರಂಭಿಸಿತು ಎಂಬುದು ಇಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. (ನಮ್ಮೂರ ಹೋಟೆಲುಗಳ ‘ಹಕ್ಕಾ ನೂಡಲ್ಸ್’ಗೆ ಹೆಸರು ಕೊಟ್ಟವರು ಇದೇ ಜನ.) ಹೀಗಾಗಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಒಂದೇ ಸಂಗ್ರಹಾಲಯದಲ್ಲಿ ನಮ್ಮ ಕರಾವಳಿಯ ಫೋಟೋಗಳೂ ಚೀನಾದ ಫೋಟೋಗಳೂ ಸೇರಿಕೊಂಡಿವೆ, ಮತ್ತು ಅವುಗಳನ್ನು ಈಗ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಮಂಗಳೂರಿನ ಹಳೆಯ ಚಿತ್ರಗಳನ್ನು ಹುಡುಕಿಕೊಂಡು ಹೋದ ನಾನು ಚೀನಾದ ಚಿತ್ರಗಳಲ್ಲೇ ಹಲವು ಸಂಜೆಗಳನ್ನು ಕಳೆದೆ.

ಇಂಥ ಚಿತ್ರವೊಂದನ್ನು ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡರೆ ಅರ್ಧ ಜನ ‘ಎಂಥ ಸೇವೆ’ ಎನ್ನುತ್ತಾರೆ, ಇನ್ನರ್ಧ ಜನ ‘ಎಂಥ ಮತಾಂತರ’ ಎನ್ನುತ್ತಾರೆ. ಇಬ್ಬರೂ ನೋಡುವುದು ಚಿತ್ರವನ್ನಲ್ಲ, ಅದರ ಅಡಿಬರಹವನ್ನು ಎಂಬುದು ನನ್ನ ತಕರಾರು. ಅಡಿಬರಹಗಳನ್ನು ಬರೆದದ್ದು ಯುರೋಪು ಮತ್ತು ಅಮೆರಿಕದ ದಾನಿಗಳಿಗಾಗಿ. ಮಿಶನ್ ಪತ್ರಿಕೆಗಳಲ್ಲಿ ಅಚ್ಚಾಗಿ, ಮ್ಯಾಜಿಕ್ ಲ್ಯಾಂಟರ್ನ್ ಪ್ರದರ್ಶನಗಳಲ್ಲಿ ಪರದೆಯ ಮೇಲೆ ಮೂಡಿ, ಕೇಳುಗರು ಜೇಬಿಗೆ ಕೈಹಾಕುವಂತೆ ಮಾಡುವುದೇ ಅವುಗಳ ಕೆಲಸವಾಗಿತ್ತು. ಕ್ಯಾಮೆರಾ ಮಾತ್ರ ತನ್ನ ಮುಂದೆ ಇದ್ದುದನ್ನೆಲ್ಲ ಹಿಡಿದಿಟ್ಟಿತು.

ಮೊದಲು ಕಾಲುಗಳನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಚೀನಾದಲ್ಲಿ ಹೆಣ್ಣುಮಕ್ಕಳ ಪಾದಗಳನ್ನು ಎಳವೆಯಲ್ಲೇ ಬಿಗಿದು ಕಟ್ಟಿ, ಮೂಳೆ ಮುರಿದು, ಬೆಳೆಯದಂತೆ ಮಾಡುವ ಪದ್ಧತಿ ವ್ಯಾಪಕವಾಗಿತ್ತು. 1870ರ ದಶಕದಲ್ಲಿ ಷಿಯಾಮೆನ್ ಬಂದರಿನಲ್ಲಿ ಲಂಡನ್ ಮಿಶನರಿ ಸೊಸೈಟಿಯ ಜಾನ್ ಮ್ಯಾಕ್‌ಗೋವನ್ ಅಲ್ಲಿನ ಕ್ರೈಸ್ತ ಮಹಿಳೆಯರನ್ನು ಸೇರಿಸಿ ಇದರ ವಿರುದ್ಧ ಒಂದು ಸಂಘ ಕಟ್ಟಿದರು. ಮುಂದೆ ಹಲವು ಮಿಶನ್ ಶಾಲೆಗಳು ಕಾಲು ಕಟ್ಟಿದ ಹುಡುಗಿಯರನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಆದ್ದರಿಂದ ಶಾಲೆಯ ಮೆಟ್ಟಿಲ ಮೇಲೆ ಸಾಲಾಗಿ ಕುಳಿತ ಹುಡುಗಿಯರ ಸಹಜ ಪಾದಗಳು ಆ ಕಾಲದ ನೋಡುಗರಿಗೆ ಒಂದು ಜಯಘೋಷದಂತೆ ಕಂಡಿರಬೇಕು. ಆದರೆ ಬಾಸೆಲ್‌ನವರ ಹಕ್ಕಾ ಶಾಲೆಗಳ ಚಿತ್ರಗಳಲ್ಲಿ ಕಾಣುವ ಅಂಥದೇ ಪಾದಗಳಿಗೆ ಈ ಅರ್ಥವನ್ನು ಹಚ್ಚುವಂತಿಲ್ಲ. ಹಕ್ಕಾ ಹೆಂಗಸರು ಗದ್ದೆಯಲ್ಲಿ ದುಡಿಯುವವರು, ಹೊರೆ ಹೊರುವವರು. ಅವರಲ್ಲಿ ಕಾಲು ಕಟ್ಟುವ ಪದ್ಧತಿಯೇ ಇರಲಿಲ್ಲ. ಅಲ್ಲಿ ಆ ಪಾದಗಳು ಮಿಶನರಿಗಳ ಸಾಧನೆಯಲ್ಲ, ಹುಡುಗಿಯರ ಅಜ್ಜಿಯರಿಂದ ಬಂದ ರೂಢಿ. ನೋಡಲು ಒಂದೇ ರೀತಿಯ ಎರಡು ಚಿತ್ರಗಳು ಎರಡು ಬೇರೆ ಕಥೆಗಳನ್ನು ಹೇಳುತ್ತವೆ ಎಂಬುದು ಹೊಳೆದ ಮೇಲೆ, ಊರಿನ ಹೆಸರು ಮತ್ತು ಸಮುದಾಯ ತಿಳಿಯದೆ ಇಂಥ ಫೋಟೋಗಳ ಬಗ್ಗೆ ತೀರ್ಪು ಕೊಡುವುದನ್ನು ನಾನು ನಿಲ್ಲಿಸಿದ್ದೇನೆ.

ಕಾಲಿಗಿಂತಲೂ ತೊಡಕಿನ ವಿಷಯ ಜಡೆಯದು. ಚಿಂಗ್ ಅರಸರ ಆಳ್ವಿಕೆಯಲ್ಲಿ ಗಂಡಸರು ತಲೆಯ ಮುಂಭಾಗ ಬೋಳಿಸಿ ಹಿಂದೆ ಉದ್ದನೆಯ ಜಡೆ ಬಿಡಬೇಕಿತ್ತು. ಅದನ್ನು ಕತ್ತರಿಸುವುದೆಂದರೆ ರಾಜದ್ರೋಹ. ಹಡ್ಸನ್ ಟೇಲರ್ 1865ರಲ್ಲಿ ಸ್ಥಾಪಿಸಿದ ಚೀನಾ ಇನ್‌ಲ್ಯಾಂಡ್ ಮಿಶನ್ನಿನವರು ಜನರೊಳಗೆ ಬೆರೆಯಲೆಂದು ಚೀನೀ ಉಡುಪನ್ನೂ ಜಡೆಯನ್ನೂ ತಾವೇ ಧರಿಸಿದರು. 1885ರಲ್ಲಿ ಬಂದ ‘ಕೇಂಬ್ರಿಡ್ಜ್‌ನ ಏಳ್ವರು’ ಎಂದು ಹೆಸರಾದ ತರುಣ ಮಿಶನರಿಗಳು ಚೀನೀ ನಿಲುವಂಗಿ ತೊಟ್ಟು ತೆಗೆಸಿಕೊಂಡ ಫೋಟೋ ಆಗ ಬಹಳ ಪ್ರಸಿದ್ಧವಾಯಿತು. ಅವರಲ್ಲೊಬ್ಬರು ಸಿ. ಟಿ. ಸ್ಟಡ್, ‘ಆ್ಯಷಸ್’ ಎಂಬ ಹೆಸರಿಗೆ ಕಾರಣವಾದ 1882ರ ಓವಲ್ ಟೆಸ್ಟಿನಲ್ಲಿ ಇಂಗ್ಲೆಂಡ್ ಪರ ಆಡಿದವರು. ಮುಂದೆ ಕೆಲವು ವರ್ಷ ನಮ್ಮ ನೆರೆಯ ಊಟಿಯಲ್ಲಿ ಪಾದ್ರಿಯಾಗಿಯೂ ಇದ್ದರು.

ಈ ಚಿತ್ರದ ಪಕ್ಕದಲ್ಲಿ ನಾನು ಸದಾ ಇಟ್ಟು ನೋಡುವುದು ಚೀನೀ ಹುಡುಗರ ಚಿತ್ರಗಳನ್ನು. ಮಿಶನರಿ ಶಾಲೆಯಲ್ಲಿ ಕಲಿತು 1854ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಯುಂಗ್ ವಿಂಗ್ ಅವರ ಒತ್ತಾಸೆಯಿಂದ, 1872ರಿಂದ 1875ರವರೆಗೆ ಚೀನಾ ಸರಕಾರವು ವರ್ಷಕ್ಕೆ 30 ಜನರಂತೆ 120 ಹುಡುಗರನ್ನು ಓದಲು ಅಮೆರಿಕಕ್ಕೆ ಕಳುಹಿಸಿತು. ಹೊರಡುವ ಮೊದಲಿನ ಫೋಟೋದಲ್ಲಿ ಅವರೆಲ್ಲ ನಿಲುವಂಗಿಯ ಮಕ್ಕಳು. ಕೆಲವೇ ವರ್ಷಗಳ ನಂತರದ ಚಿತ್ರದಲ್ಲಿ ಅವರಲ್ಲಿ ಕೆಲವರು ಬೇಸ್‌ಬಾಲ್ ತಂಡ ಕಟ್ಟಿಕೊಂಡ ತರುಣರು. ಜಡೆ ಕತ್ತರಿಸಿಕೊಂಡವರನ್ನು ಊರಿಗೆ ವಾಪಸು ಕರೆಸುವ ಆದೇಶ ಹೊರಟಿತು, 1881ರಲ್ಲಿ ಇಡೀ ಯೋಜನೆಯನ್ನೇ ನಿಲ್ಲಿಸಲಾಯಿತು. ಕೇಂಬ್ರಿಡ್ಜಿನವರಿಗೆ ಜಡೆ ಒಂದು ಆಯ್ಕೆ, ಬೇಡವೆನಿಸಿದಾಗ ತೆಗೆಯಬಹುದಾದದ್ದು. ಹುಡುಗರಿಗೆ ಅದು ತಲೆಯುಳಿಸುವ ಕರಾರು. ಪರಕೀಯ ವೇಷ ತೊಟ್ಟ ಮಿಶನರಿಯ ತ್ಯಾಗವನ್ನು ಕೊಂಡಾಡುವ ನಾವು ಈ ವ್ಯತ್ಯಾಸವನ್ನು ಮರೆಯಬಾರದೆಂದು ನನಗನ್ನಿಸುತ್ತದೆ. ಅಂದಹಾಗೆ, ವಾಪಸಾದ ಹುಡುಗರಲ್ಲೊಬ್ಬರಾದ ಜಾನ್ ಟಿಯಾನ್‌ಯೂ ಅವರ ಮುಂದಾಳತ್ವದಲ್ಲೇ ಬೀಜಿಂಗ್–ಜಾಂಗ್‌ಜಿಯಾಕೋ ರೈಲುಮಾರ್ಗವು 1909ರಲ್ಲಿ ಪೂರ್ಣಗೊಂಡಿತು.

ಶಾಲೆಯ ಗುಂಪುಚಿತ್ರಗಳಲ್ಲಿ ನಡುವಿನ ಕುರ್ಚಿ ಯಾರದು ಎಂಬುದನ್ನೂ ಗಮನಿಸುತ್ತೇನೆ. ಬಹುಕಾಲ ಅದು ಬಿಳಿಯ ಗುರುಗಳದ್ದು, ಮಕ್ಕಳು ಅವರ ಸುತ್ತ. ನಾನ್‌ಜಿಂಗ್‌ನಲ್ಲಿ 1915ರಲ್ಲಿ ತೆರೆದ ಗಿನ್‌ಲಿಂಗ್ ಮಹಿಳಾ ಕಾಲೇಜಿನಿಂದ 1919ರಲ್ಲಿ ಹೊರಬಂದ ಮೊದಲ ಐವರು ಪದವೀಧರೆಯರಲ್ಲಿ ವೂ ಯಿಫಾಂಗ್ ಒಬ್ಬರು. ವಿದೇಶೀಯರ ಶಾಲೆಗಳಿಗೆ ಚೀನೀಯರೇ ಮುಖ್ಯಸ್ಥರಾಗಬೇಕೆಂಬ ಒತ್ತಾಯ 1920ರ ದಶಕದಲ್ಲಿ ಬಲಗೊಂಡಾಗ, 1928ರಲ್ಲಿ, ಆಕೆಯೇ ಆ ಕಾಲೇಜಿನ ಅಧ್ಯಕ್ಷೆಯಾದರು. 1945ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಚೀನಾದ ಪರವಾಗಿ ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಹಾಕಿದರು. ವೈಎಂಸಿಎ ಜೊತೆ ಕೆಲಸ ಮಾಡಿದ ಸಿಡ್ನಿ ಗ್ಯಾಂಬಲ್ 1919ರಲ್ಲಿ ಬೀಜಿಂಗ್‌ನಲ್ಲಿ ತೆಗೆದ ಫೋಟೋಗಳಲ್ಲಂತೂ ಕುರ್ಚಿಯೂ ಇಲ್ಲ, ಸಾಲೂ ಇಲ್ಲ. ಅದು ‘ಮೇ ನಾಲ್ಕು’ ಎಂಬ ವಿದ್ಯಾರ್ಥಿ ಚಳವಳಿಯ ಕಾಲ. ವಿದ್ಯಾರ್ಥಿಗಳು ಬೀದಿಯಲ್ಲಿ ನಿಂತು ಭಾಷಣ ಮಾಡುತ್ತಿದ್ದಾರೆ, ಪೊಲೀಸರು ಅವರನ್ನು ಹಿಡಿದೊಯ್ಯುತ್ತಿದ್ದಾರೆ.

ಈ ಚಿತ್ರಗಳೆಲ್ಲ ಪಶ್ಚಿಮದ ಸಂಗ್ರಹಗಳಲ್ಲಿ ಕುಳಿತಿರುವುದು ಅನ್ಯಾಯವೆಂದು ಮೊದಲು ಭಾವಿಸಿದ್ದೆ, ಈಗ ಅಷ್ಟು ಖಚಿತವಾಗಿ ಹೇಳಲಾರೆ. 1950ರ ದಶಕದ ಆರಂಭದಲ್ಲಿ ಹೊಸ ಕಮ್ಯುನಿಸ್ಟ್ ಸರಕಾರವು ಮಿಶನ್ ಕಾಲೇಜುಗಳನ್ನು ಇತರ ಸಂಸ್ಥೆಗಳೊಂದಿಗೆ ವಿಲೀನಗೊಳಿಸಿತು. 1966ರ ನಂತರ, ಮಾವೋನ ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ, ವಿದೇಶೀಯರ ಜೊತೆ ನಿಂತ ಒಂದು ಫೋಟೋ ಮನೆಯಲ್ಲಿ ಸಿಕ್ಕರೂ ಅದು ಅಪರಾಧದ ಸಾಕ್ಷಿಯಾಗುತ್ತಿದ್ದುದರಿಂದ ಅನೇಕ ಕುಟುಂಬಗಳು ತಮ್ಮ ಆಲ್ಬಮ್‌ಗಳನ್ನು ತಾವೇ ಒಲೆಗೆ ಹಾಕಿದವು. ಆ ಶಾಲೆಗಳಲ್ಲಿ ಕಲಿತವರ ಮೊಮ್ಮಕ್ಕಳು ಇಂದು ಅಜ್ಜಿಯ ಹುಡುಗಿತನದ ಮುಖವನ್ನು ನೋಡಬೇಕೆಂದರೆ, ದಾನಿಗಳ ಮನ ಕರಗಿಸಲೆಂದು ಅಂದು ಹಡಗೇರಿದ ಆ ಪ್ರತಿಯನ್ನೇ ಹುಡುಕಿಕೊಂಡು ಹೋಗಬೇಕು.