ಸತ್ಯಾಂಶ: ದೂರು ಬಂದ ಮಾತ್ರಕ್ಕೆ ಪುಸ್ತಕ ನಿಷೇಧವಾಗುವುದಿಲ್ಲ

‘ಅಮೆರಿಕದಲ್ಲಿ ಒಬ್ಬರು ದೂರಿದರೆ ಸಾಕು, ಪುಸ್ತಕ ದೇಶದಾದ್ಯಂತ ನಿಷೇಧವಾಗುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ದೂರು ಎಂದರೆ ಆಕ್ಷೇಪ, ಅಷ್ಟೇ. ಸಾಮಾನ್ಯವಾಗಿ ಸಾರ್ವಜನಿಕ ಗ್ರಂಥಾಲಯಗಳು ಅದನ್ನು ಲಿಖಿತವಾಗಿ ಪಡೆಯುತ್ತವೆ. ಪರಿಶೀಲಿಸುವವರು ಪುಸ್ತಕವನ್ನು ಪೂರ್ತಿ ಓದಿ ತೀರ್ಮಾನಿಸಬೇಕು (ದೂರಿದವರು ಓದಿರುತ್ತಾರೆಂಬ ಖಾತರಿಯಿಲ್ಲ). ಅಲ್ಲಿಯವರೆಗೆ ಪುಸ್ತಕ ಕಪಾಟಿನಲ್ಲೇ ಇರಲಿ ಎಂಬುದು ಅಮೆರಿಕನ್ ಗ್ರಂಥಾಲಯ ಸಂಘದ ಸಲಹೆ. ತೆಗೆದರೂ ಆ ನಿರ್ಧಾರ ಬಹುತೇಕ ಆ ಗ್ರಂಥಾಲಯಕ್ಕೋ ಶಾಲಾ ಜಿಲ್ಲೆಗೋ (ಒಂದು ಪ್ರದೇಶದ ಸರ್ಕಾರಿ ಶಾಲೆಗಳ ಆಡಳಿತ ಘಟಕ) ಸೀಮಿತ. ಆದರೆ ಯೂಟಾದಂಥ ಕೆಲವು ರಾಜ್ಯಗಳಲ್ಲಿ, 2024ರಿಂದ, ಸರ್ಕಾರಿ ಶಾಲೆಗಳಿಂದ ತೆಗೆಯಬೇಕಾದ ಪುಸ್ತಕಗಳ ರಾಜ್ಯವ್ಯಾಪಿ ಪಟ್ಟಿಯೇ ಇದೆ. ಅದು ಸಣ್ಣ ಸಂಗತಿಯಲ್ಲ. ಅಂಗಡಿಯಲ್ಲಿ ಆ ಪುಸ್ತಕಗಳು ಆಗಲೂ ಸಿಗುತ್ತವೆ.

ಗ್ರಂಥಾಲಯಗಳೂ ಸುಮ್ಮನೆ ಕುಳಿತಿಲ್ಲ. 2022ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್ ಸಾರ್ವಜನಿಕ ಗ್ರಂಥಾಲಯವು ದೇಶದ ಯಾವುದೇ ಮೂಲೆಯ 13ರಿಂದ 21 ವರ್ಷದವರಿಗೆ ಇ-ಪುಸ್ತಕಗಳನ್ನು ಎರವಲು ಪಡೆಯಲು ಉಚಿತ ಡಿಜಿಟಲ್ ಕಾರ್ಡ್ ನೀಡಲಾರಂಭಿಸಿತು.