ಮಾತ್ರೆ ಟೈಮಿನ ಮಧ್ಯೆ ಒಂದು ಡ್ಯಾನ್ಸು

ನಮ್ಮ ಮನೆಯಲ್ಲಿ ಟೈಮ್ ಕೇಳಿದರೆ ಯಾರೂ ಗಡಿಯಾರ ನೋಡುವುದಿಲ್ಲ. ‘ತಾತಂದು ಎರಡನೇ ಮಾತ್ರೆ ಆಯ್ತು, ಅಜ್ಜಿ ಊಟ ಇನ್ನೂ ಆಗಿಲ್ಲ’ ಅನ್ನುತ್ತಾರೆ. ಅಂದರೆ ಹನ್ನೆರಡೂವರೆ ಆಸುಪಾಸು. ಹೂವಿನವಳಿಗೂ ಈ ಲೆಕ್ಕ ಗೊತ್ತು.

ಮನೆ ಇರುವುದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ. ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆಯೇ ಕೆಲಸಕ್ಕೆ ಹೊರಡುತ್ತಾರೆ. ನನ್ನ ಕಾಲೇಜು ನಡೆದು ಹೋಗುವಷ್ಟು ಹತ್ತಿರ. ‘ಹೆಣ್ಣುಮಗು, ದೂರ ಓಡಾಡೋದು ಬೇಡ ಅಂತ ಅಲ್ಲೇ ಸೇರಿಸಿದ್ವಿ’ ಎಂದು ನೆಂಟರಿಗೆ ಹೇಳುತ್ತಾರೆ. ಅದೆಲ್ಲ ಸುಮ್ನೆ. ಮಧ್ಯಾಹ್ನ ಓಡಿಬಂದು ತಾತ ಅಜ್ಜಿ ಇಬ್ಬರನ್ನೂ ನೋಡಿಕೊಂಡು ಹೋಗುವುದಕ್ಕೆ ಒಂದು ಆಳು ಬೇಕಿತ್ತು, ಅಷ್ಟೇ.

ನನಗೂ ಆಸೆಗಳಿವೆ. ಸಿಇಟಿಯಲ್ಲಿ ಮರ್ಯಾದೆ ಉಳಿಯುವಂಥ ರ್‍ಯಾಂಕ್ ಬರಬೇಕು. ಫ್ರೆಂಡ್ಸ್ ಜೊತೆ ಒಂದು ಸಂಜೆ, ಮಧ್ಯೆ ಮನೆಯಿಂದ ಫೋನ್ ಬಾರದೆ, ಒಂದು ಪೊಟ್ಟಣ ಚುರುಮುರಿ ಪೂರ್ತಿ ತಿಂದು ಮುಗಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಯುವ ಸಂಭ್ರಮದಲ್ಲಿ ಕುಣಿಯಬೇಕು. ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ದಸರೆಗೆ ಮುಂಚೆ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಎಲ್ಲೆಲ್ಲಿಂದಲೋ ಕಾಲೇಜು ತಂಡಗಳು ಬಂದು ಕುಣಿಯುತ್ತವೆ. ಕೆಳಗೆ ಸಾವಿರಾರು ಹುಡುಗರು ಕಿರುಚುತ್ತಿರುತ್ತಾರೆ. ಈ ಸಲ ನಮ್ಮ ಕಾಲೇಜಿನ ತಂಡದಲ್ಲಿ ನನಗೂ ಜಾಗ ಸಿಕ್ಕಿತು. ಮೂರನೇ ಸಾಲು, ಎಡಗಡೆ ಮೂಲೆ. ಪರವಾಗಿಲ್ಲ, ಲೈಟು ಅಲ್ಲಿಗೂ ಬರುತ್ತದೆ.

ಕಪ್ಪೆಯ ಹೊಟ್ಟೆಯೊಳಗಿನ ಚಿತ್ರ ಬರೆಯುವುದು ನನ್ನ ಕೈಲಾಗಲ್ಲ ಅಂತ ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಂಡವಳು ನಾನು. ಬಯಾಲಜಿ ಬಿಡಲಿಲ್ಲ. ಸೀದಾ ಮನೆಗೇ ಬಂತು.

ತಾತನಿಗೆ ಎಂಬತ್ತೊಂದು. ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿ ಟರ್ನರ್, ಅಂದರೆ ಲೇತ್ ಮೆಷಿನ್ನಿನಲ್ಲಿ ಕಬ್ಬಿಣ ಕಡೆಯುವವರು, ಆಗಿದ್ದವರು. ಈಗ ಪಾರ್ಕಿನ್ಸನ್ ಕಾಯಿಲೆ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ಡಾಕ್ಟರ್ 1817ರಲ್ಲೇ ಇದರ ಬಗ್ಗೆ ಬರೆದಿಟ್ಟಿದ್ದಾರೆ. ಮೆದುಳಿನಲ್ಲಿ ಡೋಪಮೈನ್ ಅನ್ನುವ, ಸಂದೇಶ ಸಾಗಿಸುವ ರಾಸಾಯನಿಕ ಮಾಡುವ ಜೀವಕೋಶಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತವೆ. ಆಮೇಲೆ ಕೈ ನಡುಗುತ್ತದೆ, ನಡಿಗೆ ನಿಧಾನವಾಗುತ್ತದೆ. ಅಕ್ಷರ ಕೂಡ ಚಿಕ್ಕದಾಗುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ತಾತ ಇವತ್ತಿಗೂ ಮನೆಖರ್ಚು ಬರೆಯುತ್ತಾರೆ. ಸಾಲಿನ ಶುರುವಿನಲ್ಲಿ ‘ಹಾಲು’ ಅಂತ ಚೆನ್ನಾಗಿ ಓದಬಹುದು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಎಷ್ಟು ರೂಪಾಯಿ ಅಂತ ನೋಡಲು ಭೂತಗನ್ನಡಿ ಬೇಕು. ಖರ್ಚು ಕಮ್ಮಿ ಕಾಣಿಸುತ್ತದೆ ಅಂತ ಅಪ್ಪನಿಗೆ ಖುಷಿ.

ತಮಾಷೆ ಏನೆಂದರೆ, ಈ ನಡುಕ ಕೈ ಸುಮ್ಮನಿದ್ದಾಗಲೇ ಜಾಸ್ತಿ. ಹೋದ ವರ್ಷ ಫಿಸಿಕ್ಸ್ ಪ್ರಾಕ್ಟಿಕಲ್ಸ್‌ಗೆ ಸ್ಕ್ರೂ ಗೇಜ್ ಓದುವುದು ತಲೆಗೆ ಹತ್ತುತ್ತಿರಲಿಲ್ಲ. ತಾತ ಟ್ರಂಕಿನಿಂದ ತಮ್ಮ ಹಳೇ ಮೈಕ್ರೋಮೀಟರ್ ತೆಗೆಸಿದರು, ಅದೂ ಸ್ಕ್ರೂ ಗೇಜೇ. ತೊಡೆಯ ಮೇಲೆ ಪಟಪಟ ಅಲುಗುತ್ತಿದ್ದ ಕೈ, ಅದನ್ನು ಹಿಡಿದ ತಕ್ಷಣ ತಣ್ಣಗಾಯಿತು. ನನ್ನ ತಲೆಯಿಂದ ಒಂದು ಕೂದಲು ಕಿತ್ತು, ಮಧ್ಯೆ ಇಟ್ಟು, ಹಿಂದಿನ ಪುಟ್ಟ ತಿರುಪನ್ನು ಟಿಕ್ ಟಿಕ್ ಅನ್ನಿಸಿದರು. ‘ಏಳು’ ಅಂದರು. ಅಂದರೆ 0.07 ಮಿಲಿಮೀಟರ್. ಕನ್ನಡಕ ಹಾಕಿಕೊಂಡು ನಾನು ನೋಡಿದೆ. ಏಳೇ. ‘ಎಣ್ಣೆ ಹಚ್ಚು, ಎಂಟು ಬರುತ್ತೆ’ ಅಂತ ಅಜ್ಜಿ ಅಡುಗೆಮನೆಯಿಂದ ಕೂಗಿದರು.

ನಿಜವಾದ ತಾಪತ್ರಯ ಹೊಸ್ತಿಲಿನದು. ತಾತ ಹಾಲ್‌ನಲ್ಲಿ ನಡೆದು ಬರುತ್ತಾರೆ, ಬಾಗಿಲು ಬಂದ ತಕ್ಷಣ ನಿಂತುಬಿಡುತ್ತಾರೆ. ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ಆಗುತ್ತದಂತೆ. ನಾವು ಯೋಚನೆ ಮಾಡದೆ ನಡೆಯುತ್ತೇವಲ್ಲ, ಆ ದಾರಿ ಅವರ ಮೆದುಳಿನಲ್ಲಿ ಬಂದ್ ಆಗಿದೆ. ಆದರೆ ನೆಲದ ಮೇಲೆ ಗೆರೆ ಇದ್ದರೆ, ಅಥವಾ ಕಿವಿಗೆ ತಾಳ ಬಿದ್ದರೆ, ಮೆದುಳು ಬೇರೆ ದಾರಿ ಹಿಡಿಯುತ್ತದೆ ಅಂತ ಫಿಸಿಯೋಥೆರಪಿ ಮೇಡಂ ಹೇಳಿಕೊಟ್ಟರು. ಸರಿ, ನಮ್ಮ ಕೆಂಪು ನೆಲದ ಮೇಲೆ ಬಾಗಿಲಿನಿಂದ ಬಚ್ಚಲುಮನೆವರೆಗೂ ಬಿಳಿ ಟೇಪಿನ ಪಟ್ಟಿ ಅಂಟಿಸಿದೆ. ಪಕ್ಕದ ಮನೆ ಆಂಟಿ ಬಂದವರು ‘ಈ ವಯಸ್ಸಲ್ಲಿ ಕುಂಟೆಬಿಲ್ಲೆ ಆಡ್ತಿದ್ದೀಯಾ?’ ಅಂದರು. ಅಜ್ಜಿ ಮಾರನೇ ದಿನ ನೆಲ ಒರೆಸುವಾಗ ಅರ್ಧ ಪಟ್ಟಿ ಕಿತ್ತು, ಅಲ್ಲಿ ರಂಗೋಲಿ ಹಾಕಿದರು. ಗೆರೆ ತಾನೇ ಬೇಕಾಗಿರುವುದು, ಲಕ್ಷಣವಾಗಿರಲಿ ಅಂತ. ತಾತ ರಂಗೋಲಿ ನೋಡಿ ಇನ್ನೂ ಗಟ್ಟಿಯಾಗಿ ನಿಂತರು. ತುಳಿಯುವುದು ಹೇಗೆ?

ಇಂಥ ಒಂದು ಸಂಜೆ ನಾನು ಹಾಲ್‌ನಲ್ಲಿ ಡ್ಯಾನ್ಸ್ ಪ್ರಾಕ್ಟೀಸ್ ಮಾಡುತ್ತಿದ್ದೆ. ತಾತ ಬಾಗಿಲಲ್ಲಿ ನಿಂತಿದ್ದರು. ನೋಡುತ್ತಿದ್ದಾರೆ ಅಂತ ನಾನು ಅಂದುಕೊಂಡೆ. ಪಾಪ, ಸಿಕ್ಕಿಹಾಕಿಕೊಂಡಿದ್ದರು. ನಾನು ‘ಫೈವ್, ಸಿಕ್ಸ್, ಸೆವೆನ್, ಏಯ್ಟ್’ ಅಂತ ಜೋರಾಗಿ ಎಣಿಸಿ ಶುರು ಮಾಡಿದೆ. ತಾತನ ಬಲಗಾಲು ಮೇಲೆದ್ದಿತು. ಆಮೇಲೆ ಎಡಗಾಲು. ‘ಒನ್, ಟೂ, ತ್ರೀ, ಫೋರ್’ ಅನ್ನುವಷ್ಟರಲ್ಲಿ ಹೊಸ್ತಿಲು ದಾಟಿ ನನ್ನ ಫಾರ್ಮೇಷನ್ ಒಳಗೆ ಬಂದರು. ನಾನು ಖುಷಿಯಲ್ಲಿ ಎಣಿಸುವುದನ್ನು ನಿಲ್ಲಿಸಿದೆ. ಅವರೂ ನಿಂತರು.

ಅವತ್ತಿನಿಂದ ಬೆಳಗಿನ ಜಾವ ಬಚ್ಚಲುಮನೆ ಬಾಗಿಲಲ್ಲಿ ನನಗೆ ಡ್ಯೂಟಿ. ನಿದ್ದೆಗಣ್ಣಲ್ಲಿ ಎಣಿಸುತ್ತೇನೆ. ತಾತನಿಗೆ ನನ್ನ ಸ್ಪೀಡು ಹಿಡಿಸುವುದಿಲ್ಲ. ‘ಇದು ಗೂಡ್ಸ್ ಗಾಡಿ ಆಯ್ತು ಮಗು, ಸ್ವಲ್ಪ ಎಳಿ’ ಅನ್ನುತ್ತಾರೆ. ಎಳೆದರೆ ‘ನಿಧಾನ, ಇದು ನಂಜನಗೂಡು ಪ್ಯಾಸೆಂಜರ್ರು’ ಅನ್ನುತ್ತಾರೆ. ನಮ್ಮ ಡ್ಯಾನ್ಸ್ ಮಾಸ್ಟರ್ ಕೂಡ ಇಷ್ಟು ಸೂಕ್ಷ್ಮವಾಗಿ ನನ್ನ ತಾಳ ತಿದ್ದಿಲ್ಲ.

ಇನ್ನು ಮಾತ್ರೆ. ಅದನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ತಗೋಬೇಕು. ಹೊಟ್ಟೆಯಲ್ಲಿ ಬೇಳೆಕಾಳು ಇದ್ದರೆ ಅದರ ಪ್ರೋಟೀನು ಮಾತ್ರೆಗೆ ಅಡ್ಡ ಬರುತ್ತದೆ. ಮಿಕ್ಕ ತಿಂಗಳು ಹೇಗೋ ಸುಧಾರಿಸಬಹುದು. ಡಿಸೆಂಬರ್ ಜನವರಿಯಲ್ಲಿ ಅವರೆಕಾಯಿ ಬಂತು ಅಂದರೆ ಮುಗೀತು. ಹಿದಕಿದಬೇಳೆ ಸಾರಿನ ವಾಸನೆ ಮೂಗಿಗೆ ಬಿದ್ದರೆ ತಾತನಿಗೆ ಮಾತ್ರೆಯೂ ನೆನಪಿರುವುದಿಲ್ಲ, ಡಾಕ್ಟರೂ ನೆನಪಿರುವುದಿಲ್ಲ. ಮೊದಲು ತಿಂದು, ಆಮೇಲೆ ಮಾತ್ರೆ ನುಂಗಿ, ಸಂಜೆವರೆಗೂ ಕುರ್ಚಿ ಬಿಟ್ಟು ಏಳಲು ಆಗದೆ ಕೂರುತ್ತಾರೆ. ‘ಸಾರು ಹೇಗಿತ್ತು ತಾತ?’ ಅಂದರೆ ಕಣ್ಣಲ್ಲೇ ‘ಚೆನ್ನಾಗಿತ್ತು’ ಅನ್ನುತ್ತಾರೆ.

ಅದಕ್ಕೇ ನನ್ನ ಫೋನಿನಲ್ಲಿ ಅಲಾರಾಂ. ಕಾಲೇಜಿನಲ್ಲಿ ವಿಶೇಷ ಪರ್ಮಿಷನ್ ತಗೊಂಡು ಫೋನನ್ನು ಸೈಲೆಂಟ್ ಮಾಡಿ ಬ್ಯಾಗಿನಲ್ಲಿ ಇಟ್ಟುಕೊಂಡಿರುತ್ತೇನೆ. ಅಲಾರಾಂಗೆ ಸೈಲೆಂಟ್ ಅನ್ನುವುದು ಲೆಕ್ಕಕ್ಕಿಲ್ಲ. ಮ್ಯಾಥ್ಸ್ ಕ್ಲಾಸಿನ ನಡುವೆ ಅದು ಬಡಿದುಕೊಂಡಾಗ ಮೊದಮೊದಲು ಬೈಗುಳ ಬೀಳುತ್ತಿತ್ತು. ಈಗ ಹಿಂದಿನ ಬೆಂಚಿನ ಹುಡುಗರು ಒಟ್ಟಿಗೆ ‘ತಾತ, ಮಾತ್ರೆ!’ ಅಂತ ಕೂಗುತ್ತಾರೆ. ಮೇಷ್ಟ್ರು ಬೋರ್ಡಿನಿಂದ ತಿರುಗದೆಯೇ ‘ಹೋಗಿ ಫೋನ್ ಮಾಡಿ ಬಾಮ್ಮ’ ಅನ್ನುತ್ತಾರೆ. ಆ ಹೊತ್ತಿನಲ್ಲಿ ಇಂಟಿಗ್ರೇಷನ್ ನಡೆಯುತ್ತಿದ್ದರೆ ಅಲಾರಾಂ ಇನ್ನೂ ಸ್ವಲ್ಪ ಹೊತ್ತು ಬಡಿದುಕೊಳ್ಳಲಿ ಅಂತ ಇಡೀ ಕ್ಲಾಸು ಹಾರೈಸುತ್ತದೆ.

ಅಜ್ಜಿಯದು ಬೇರೆಯೇ ಖಾತೆ. ಶುಗರ್. ಬೆಳಗ್ಗೆ ರಾತ್ರಿ ಇನ್ಸುಲಿನ್. ಚುಚ್ಚುವುದು ನಾನು. 1922ರಲ್ಲಿ ಟೊರಾಂಟೊದಲ್ಲಿ ಮೊಟ್ಟಮೊದಲು ಇನ್ಸುಲಿನ್ ಚುಚ್ಚಿಸಿಕೊಂಡವನು 14 ವರ್ಷದ ಹುಡುಗ ಅಂತ ಓದಿದ್ದೆ. ಅಜ್ಜಿಗೆ ಧೈರ್ಯ ಬರಲಿ ಅಂತ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಾಪ ಕಣೇ, ಆ ಮಗು ಮೈಸೂರು ಪಾಕು ತಿನ್ನದೇ ಹೋಯ್ತೇನೋ’ ಅಂದರು. ಮೈಸೂರು ಪಾಕು ನಮ್ಮ ಮನೆಯಲ್ಲಿ ಎಲ್ಲೆಲ್ಲಿ ಸಿಕ್ಕಿದೆ ಅಂತ ಕೇಳಿ. ರಾಗಿಹಿಟ್ಟಿನ ಡಬ್ಬದಲ್ಲಿ. ರೇಷ್ಮೆ ಸೀರೆ ಮಡಿಕೆಯಲ್ಲಿ. ದೇವರ ಮನೆಯಲ್ಲಿ, ದೇವರ ಹಿಂದೆ. ‘ನೈವೇದ್ಯಕ್ಕೆ ಇಟ್ಟಿದ್ದು’ ಅಂದರು. ನೈವೇದ್ಯಕ್ಕೆ ಹಲ್ಲಿನ ಗುರುತು ಇರುತ್ತಾ?

ಒಂದು ಶುಕ್ರವಾರ ಮಾತ್ರ ಎಲ್ಲರ ಎದೆ ಧಸಕ್ ಅಂದಿತ್ತು. ಅಜ್ಜಿ ಇನ್ಸುಲಿನ್ ಚುಚ್ಚಿಸಿಕೊಂಡು, ಪೂಜೆ ಮುಗಿಯುವ ತನಕ ಏನೂ ತಿನ್ನಲ್ಲ ಅಂತ ಕೂತುಬಿಟ್ಟರು. ಮೈಯೆಲ್ಲ ಬೆವರು, ಮಾತು ತೊದಲು. ನೋಡಿದರೆ ಶುಗರ್ 58. 70ಕ್ಕಿಂತ ಕೆಳಗೆ ಹೋಗಬಾರದು. ಡಾಕ್ಟರ್ ಹೇಳಿದ್ದ ಹಾಗೆ ಮೂರು ಟೀ ಚಮಚ ಸಕ್ಕರೆ, ಸುಮಾರು 15 ಗ್ರಾಂ, ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಕಾದು ಮತ್ತೆ ನೋಡಿದೆ. ಸರಿಹೋಯಿತು. ಅಜ್ಜಿ ಚೇತರಿಸಿಕೊಂಡರು. ಜೊತೆಗೆ ಒಂದು ಹೊಸ ವಿದ್ಯೆಯನ್ನೂ ಕಲಿತರು. ಈಗ ಮನೆಗೆ ಯಾರಾದರೂ ಸ್ವೀಟ್ ಡಬ್ಬಿ ತಂದ ತಕ್ಷಣ ಅಜ್ಜಿ ಸೋಫಾಗೆ ಒರಗಿ, ‘ಲೋ ಆಗ್ತಿದೆ ಕಣೇ’ ಅನ್ನುತ್ತಾರೆ. ಚುಚ್ಚಿ ನೋಡಿದರೆ 212.

ಬಂದವರು ಸ್ವೀಟಷ್ಟೇ ತರುವುದಿಲ್ಲ, ಸಲಹೆಯನ್ನೂ ತರುತ್ತಾರೆ. ಒಬ್ಬರು ನಸುಗುನ್ನಿ ಬೀಜದ ಪುಡಿ ಕೊಟ್ಟುಹೋದರು. ಆ ಬೀಜದಲ್ಲಿ ತಾತನ ಮಾತ್ರೆಯಲ್ಲಿರುವ ಲೆವೊಡೋಪಾವೇ ಇದೆಯಂತೆ, ಸುಳ್ಳಲ್ಲ. ಅದಕ್ಕೇ ಮಾತ್ರೆಯ ಮೇಲೆ ಇದನ್ನೂ ತಾವಾಗಿ ಸೇರಿಸಿಕೊಂಡು ನುಂಗಬೇಡಿ ಅಂತ ಡಾಕ್ಟರ್ ಗದರಿದರು. ಪುಡಿ ಈಗ ಅಟ್ಟದ ಮೇಲಿದೆ. ಅಜ್ಜಿ ಅದನ್ನೂ ಒಂದು ಸಲ ತೆಗೆದು ನೋಡಿದ್ದಾರೆ, ಸಿಹಿ ಇದೆಯಾ ಅಂತ.

ಅಕ್ಟೋಬರ್ ಬಂದರೆ ತಾತ ಬದುಕಿದ್ದಾರೆ ಅಂತ ಸರ್ಕಾರಕ್ಕೆ ತೋರಿಸಬೇಕು. ಪೆನ್ಷನ್ ತಗೊಳ್ಳುವವರು ಪ್ರತಿ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. ಎಂಬತ್ತು ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಮುಂಚೆ ಹೆಬ್ಬೆಟ್ಟು ಒತ್ತುವ ಮೆಷಿನ್ ಇತ್ತು. ವರ್ಷಗಟ್ಟಲೆ ಕಬ್ಬಿಣ ಹಿಡಿದ ಕೈ, ರೇಖೆ ಎಲ್ಲ ಸವೆದಿದೆ. ಮೆಷಿನ್ ಒಪ್ಪುತ್ತಲೇ ಇರಲಿಲ್ಲ. ಈಗ ಮನೆಯಲ್ಲೇ ಫೋನಿನಲ್ಲಿ ಮುಖ ತೋರಿಸಿದರೆ ಸಾಕು. ಆದರೆ ಅದು ಫೋಟೋ ಅಲ್ಲ, ಜೀವಂತ ಮನುಷ್ಯ ಅಂತ ಗೊತ್ತಾಗಲು ಕಣ್ಣು ಮಿಟುಕಿಸಬೇಕು.

ಪಾರ್ಕಿನ್ಸನ್ ಇರುವವರು ಕಣ್ಣು ಮಿಟುಕಿಸುವುದೇ ಕಮ್ಮಿ. ಮುಖದಲ್ಲಿ ಭಾವನೆಯೂ ಅಷ್ಟಾಗಿ ಕಾಣುವುದಿಲ್ಲ. ತಾತನನ್ನು ಕಿಟಕಿ ಪಕ್ಕ ಬೆಳಕಿಗೆ ಕೂರಿಸಿ ಫೋನ್ ಹಿಡಿದೆ. ಕಣ್ಣು ಮಿಟುಕಿಸಿ ಅಂತ ಪರದೆ ಹೇಳಿತು. ತಾತ ನೋಡಿದರು. ಪರದೆಯೂ ನೋಡಿತು. ‘ಮಿಟುಕಿಸಿ ತಾತ.’ ‘ಮಿಟುಕಿಸ್ತಾ ಇದೀನಲ್ಲ.’ ಏನೂ ಆಗಲಿಲ್ಲ. ಟೈಮ್ ಮುಗಿದು ಮತ್ತೆ ಮೊದಲಿನಿಂದ. ಅಜ್ಜಿ ತಟ್ಟೆ ಸೌಟು ತಂದು ಕಿವಿ ಹತ್ತಿರ ಢಣ್ ಅನ್ನಿಸಿದರು. ನಾನು ಮಿಟುಕಿಸಿದೆ. ಅಪ್ಪ ಮಿಟುಕಿಸಿದರು. ಯಾರ ಪೆನ್ಷನ್ನೋ ಅವರು ಮಿಟುಕಿಸಲಿಲ್ಲ.

ಅಜ್ಜಿಗೆ ತಲೆ ಕೆಟ್ಟಿತು. ಸೌಟನ್ನು ಟೇಬಲ್ ಮೇಲೆ ಕುಕ್ಕಿ, ‘ಮದುವೆಯಾದಾಗಿನಿಂದ ನಂಗೆ ಒಂದು ದಿನ ಕಣ್ಣು ಹೊಡೆದೋರಲ್ಲ, ಈಗ ಸರ್ಕಾರಕ್ಕೆ ಹೊಡೀಬೇಕಂತೆ! ಎಲ್ಲಿಂದ ಬರುತ್ತೆ?’ ಅಂದರು.

ತಾತ ನಕ್ಕುಬಿಟ್ಟರು. ಎಷ್ಟೋ ದಿನದ ಮೇಲೆ ಇಡೀ ಮುಖ ನಕ್ಕಿತು. ಕಣ್ಣು ಮುಚ್ಚಿತು, ತೆರೆಯಿತು. ಫೋನು ಒಪ್ಪಿಕೊಂಡಿತು. ತಾತ ಇನ್ನೊಂದು ವರ್ಷಕ್ಕೆ ಅಧಿಕೃತವಾಗಿ ಬದುಕಿದ್ದಾರೆ. ‘ನನ್ನ ಯಾರೂ ಕೇಳಲ್ವಾ, ಬದುಕಿದ್ದೀಯಾ ಅಂತ?’ ಎಂದು ಅಜ್ಜಿ ರಾತ್ರಿಯವರೆಗೂ ಗೊಣಗುತ್ತಿದ್ದರು.

ಯುವ ಸಂಭ್ರಮದ ದಿನ ಮನೆಯಿಂದ ಯಾರೂ ಬರಲಿಲ್ಲ. ಅಷ್ಟು ಮೆಟ್ಟಿಲು ತಾತನ ಕೈಲಿ ಆಗುವುದಿಲ್ಲ. ಅವರನ್ನು ಬಿಟ್ಟು ಅಮ್ಮ ಬರುವ ಹಾಗಿಲ್ಲ. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆದರೆ ಸ್ಟೇಜ್ ಹತ್ತಿದ ಮೇಲೆ ಆ ಕಿರುಚಾಟದಲ್ಲಿ ಬೇಜಾರಿಗೂ ಟೈಮ್ ಸಿಗುವುದಿಲ್ಲ. ಮೂರನೇ ಸಾಲಿನ ಎಡ ಮೂಲೆಯಲ್ಲಿ ಒಂದು ತಾಳವೂ ತಪ್ಪಲಿಲ್ಲ. ಫ್ರೆಂಡ್ ವೀಡಿಯೋ ಮಾಡಿಕೊಟ್ಟಳು.

ಮಾರನೇ ದಿನ ಭಾನುವಾರ. ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ, ಫೋನನ್ನು ಟೀವಿಗೆ ಕನೆಕ್ಟ್ ಮಾಡಿ ವೀಡಿಯೋ ಹಾಕಿದೆ. ನಮ್ಮ ಲೀಡರ್ ‘ಫೈವ್, ಸಿಕ್ಸ್, ಸೆವೆನ್, ಏಯ್ಟ್’ ಅಂದಳು. ಡೋಲು ಶುರುವಾಯಿತು. ತಾತ ಕುರ್ಚಿಯ ಕೈ ಹಿಡಿದು ಎದ್ದರು. ಟೀವಿ ಮುಂದೆಯೇ ಹಾದು, ಹೊಸ್ತಿಲು ದಾಟಿ, ಒಂದು ಸಲವೂ ನಿಲ್ಲದೆ ಸೀದಾ ಬಚ್ಚಲುಮನೆಗೆ ಹೋದರು. ವಾಪಸ್ ಬರುವಷ್ಟರಲ್ಲಿ ನನ್ನ ಡ್ಯಾನ್ಸ್ ಮುಗಿದು ಬೇರೆ ಕಾಲೇಜಿನದು ಬರುತ್ತಿತ್ತು.

‘ಒಳ್ಳೇ ಹಾಡು ಕಣೇ’ ಅಂದರು ಅಜ್ಜಿ. ‘ದಿನಾ ಬೆಳಗ್ಗೆ ಇದನ್ನೇ ಹಾಕು.’