ಹಲ್ಲುಜ್ಜುವುದಕ್ಕೆ ಬಲ ಬೇಡ

ಗಸಗಸ ಅಂತ ಜೋರಾಗಿ ತಿಕ್ಕಿದರೇನೇ ಹಲ್ಲು ಸ್ವಚ್ಛ ಆಗೋದು ಅಂತ ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ಅಂಗಡಿಗೆ ಹೋದರೆ ಗಟ್ಟಿ ಬ್ರಷ್ಷೇ ಬೇಕು ಅಂತಾರೆ. ದಯವಿಟ್ಟು ಇದನ್ನು ಬಿಡಿ.

ನಿಮ್ಮ ಬಚ್ಚಲಮನೆಯ ಬ್ರಷ್ ಒಮ್ಮೆ ನೋಡಿ. ತಂದು ತಿಂಗಳಾಗುವಷ್ಟರಲ್ಲಿ ಎಳೆಗಳು ಎರಡೂ ಕಡೆ ಕೆದರಿಕೊಂಡಿದ್ದರೆ ನೀವು ಒತ್ತುವುದು ಜಾಸ್ತಿ ಆಗಿದೆ. ಹಾಗೇ ಹಲ್ಲಿನ ಬುಡದಲ್ಲಿ ಉಗುರು ಆಡಿಸಿ ನೋಡಿ. ಕಚ್ಚು ಬಿದ್ದ ಹಾಗೆ ಉಗುರು ಸಿಕ್ಕಿಕೊಳ್ಳುತ್ತಾ? ವರ್ಷಗಟ್ಟಲೆ ಅಡ್ಡಡ್ಡ ತಿಕ್ಕಿ ಸವೆದ ಗುರುತು ಅದಿರಬಹುದು. ತಣ್ಣೀರು ತಾಗಿದರೆ ಜುಮ್ ಅನ್ನುವುದೂ ಅಲ್ಲೇ. ಸವೆದ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಮತ್ತೆ ಬೆಳೆಯುವುದಿಲ್ಲ. ಹಿಂದೆ ಸರಿದ ವಸಡೂ ತಾನಾಗಿ ಮೊದಲಿನ ಜಾಗಕ್ಕೆ ಬರುವುದಿಲ್ಲ. ಇದ್ದಿಲು, ಬೂದಿ, ತರಿತರಿ ಹಲ್ಲುಪುಡಿ ಹಾಕಿ ಉಜ್ಜಿದರಂತೂ ಸವೆತ ಇನ್ನೂ ಬೇಗ.

ನಿಜ ಹೇಳಬೇಕೆಂದರೆ ಹಲ್ಲಿನ ಮೇಲೆ ದಿನಾ ಕೂರುವ ಪಾಚಿ ಮೆತ್ತಗೇ ಇರುತ್ತದೆ. ಸಾಫ್ಟ್ ಬ್ರಷ್ ಸಾಕು. ಪಾಚಿ ಹೆಚ್ಚಾಗಿ ಕೂರುವುದು ಹಲ್ಲು, ವಸಡು ಸೇರುವ ಗೆರೆಯಲ್ಲಿ. ಹಾಗಾಗಿ ಬ್ರಷ್ಷನ್ನು ವಸಡಿನ ಕಡೆಗೆ ಸುಮಾರು 45 ಡಿಗ್ರಿ ಓರೆ ಹಿಡಿಯಿರಿ. ಎಳೆಯ ತುದಿ ಆ ಗೆರೆಗೆ ತಾಗಲಿ. ಎರಡು ಮೂರು ಹಲ್ಲಿಗೆ ಒಂದು ಸಲದಂತೆ, ಅಲ್ಲೇ ನಿಂತು ಮೆಲ್ಲಗೆ ಅಲುಗಾಡಿಸಿ, ಮುಂದಕ್ಕೆ ಹೋಗಿ. ಅಮೆರಿಕದ ಚಾರ್ಲ್ಸ್ ಬಾಸ್ ಎಂಬ ವೈದ್ಯರು ಹೇಳಿಕೊಟ್ಟ ರೀತಿ ಇದು. ಪೂರ್ತಿ ಬಾಯಿಗೆ 2 ನಿಮಿಷವಾದರೂ ಬೇಕು. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ಬ್ರಷ್ಷನ್ನು ನೆಟ್ಟಗೆ ಹಿಡಿದು ಉಜ್ಜಿ. ನಾಲಿಗೆಯ ಅಡಿಯಿಂದ ಜೊಲ್ಲು ಬಂದು ಬೀಳುವ ಜಾಗ ಅದು, ಪಾಚಿ ಅಲ್ಲಿ ಬೇಗ ಕಲ್ಲಾಗುತ್ತದೆ. ಕಲ್ಲಾದ ಮೇಲೆ ಯಾವ ಬ್ರಷ್ಷಿಗೂ ಬಗ್ಗುವುದಿಲ್ಲ, ಡಾಕ್ಟರ ಹತ್ತಿರವೇ ಕ್ಲೀನಿಂಗ್ ಮಾಡಿಸಬೇಕು.

ಇನ್ನು ವಸಡಲ್ಲಿ ರಕ್ತ. ರಕ್ತ ಬಂತು ಅಂತ ಹೆದರಿ ಆ ಜಾಗವನ್ನೇ ಬಿಟ್ಟು ಉಜ್ಜುವವರು ಎಷ್ಟು ಜನ! ಅಲ್ಲಿ ಪಾಚಿ ಕೂತಿರುವುದಕ್ಕೇ ಸಾಮಾನ್ಯವಾಗಿ ರಕ್ತ ಬರುವುದು. ಬಿಟ್ಟಷ್ಟೂ ಹೆಚ್ಚಾಗುತ್ತದೆ. ಮೃದುವಾಗಿ ಉಜ್ಜುತ್ತಲೇ ಇರಿ. ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ತೋರಿಸಿಬಿಡಿ.

ಬೆಳಿಗ್ಗೆ ಹೇಗೂ ಎಲ್ಲರೂ ಉಜ್ಜುತ್ತೇವೆ, ರಾತ್ರಿ ಮಾತ್ರ ಸೋಮಾರಿತನ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹುಳುಕಿಗೆ ಅದೇ ಅನುಕೂಲ. ನನ್ನನ್ನು ಕೇಳಿದರೆ ರಾತ್ರಿಯದ್ದನ್ನು ಯಾವತ್ತೂ ತಪ್ಪಿಸಬಾರದು. ಉಜ್ಜಿದ ಮೇಲೆ ನೊರೆ ಉಗಿದರೆ ಸಾಕು. ತಕ್ಷಣ ಬಾಯಿ ಮುಕ್ಕಳಿಸಿದರೆ ಹುಳುಕು ತಡೆಯಲು ಪೇಸ್ಟಿನಲ್ಲಿರುವ ಫ್ಲೋರೈಡ್ ಬಹುಪಾಲು ನೀರಿನ ಜೊತೆ ಹೋಗಿಬಿಡುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಒಂದು ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು, ಅದೂ ನೀವೇ ಪಕ್ಕದಲ್ಲಿ ನಿಂತು ಉಜ್ಜಿಸಿ.